ಒಂದೇ ಟಿಕೆಟಿನಲ್ಲಿ ದೇಶ ಸುತ್ತಿ ಬರುವ ಬಗೆ



ಖಾನಾಪುರ ಕಡೆಯ ಹನ್ನೆರಡು ಮಂದಿ ರೈತರು ಈಚೆಗೆ ಬೆಳಗಾವಿಗೆ ಬಂದಿದ್ದರು. ಕೆಲಸ ಮುಗಿದ ಮೇಲೆ ಕೋಟೆ ಕೆರೆಯ ದಂಡೆಯಲ್ಲಿ ನೆರಳು ನೋಡಿ ಕುಳಿತೆವು. ಬುತ್ತಿ ಬಿಚ್ಚುತ್ತಿದ್ದ ಹಾಗೆ ಒಬ್ಬ ಹಿರಿಯರು ಕೇಳಿದರು: "ತಮ್ಮಾ, ರೈಲಿಗೆ ಒಂದು ಪಾಸ್ ಮಾಡಿಸಿಬಿಟ್ರ ದಿಲ್ಲಿ, ಕಾಶಿ ಎಲ್ಲಾ ತಿರುಗಿ ಬರಬಹುದಂತ. ಖರೆ ಏನು?"

ಈ ಪ್ರಶ್ನೆಯನ್ನು ನಮ್ಮ ಬ್ಲಾಕಿನ ಅನೇಕ ಹಳ್ಳಿಗಳಲ್ಲಿ ಕೇಳಿದ್ದೇನೆ. ಆದುದರಿಂದ ಈ ಸಲದ ಪಾಠವನ್ನು ಗೊಬ್ಬರ, ಬೀಜಗಳ ಬದಲು ರೈಲು ಪ್ರಯಾಣಕ್ಕೆ ಮೀಸಲಿಟ್ಟಿದ್ದೇನೆ. ಇದೂ ಒಕ್ಕಲುತನಕ್ಕೆ ಸಂಬಂಧಪಟ್ಟ ಪಾಠವೇ. ಪರವೂರಿನ ಹೊಲವನ್ನು ಕಣ್ಣಾರೆ ಕಂಡವನಿಗೆ ತನ್ನ ಹೊಲದ ಕುಂದು ಬೇಗ ಕಾಣುತ್ತದೆ. ೧೯೫೨ರ ಅಕ್ಟೋಬರ್ ೨ರಂದು ಸಮುದಾಯ ಅಭಿವೃದ್ಧಿ ಯೋಜನೆ ಪ್ರಾರಂಭವಾದ ಮೇಲೆ ರೈತರನ್ನು ರೈಲಿನಲ್ಲಿ ದೂರದ ಪ್ರಾಂತಗಳಿಗೆ ಕರೆದೊಯ್ದು ತೋರಿಸುವ ಪ್ರವಾಸಗಳು ನಡೆದದ್ದು ಇದೇ ಉದ್ದೇಶದಿಂದ. ಅದಕ್ಕೂ ಹಿಂದೆ, ೧೮೯೨ರ ಅಕ್ಟೋಬರದಲ್ಲಿ, ಸ್ವಾಮಿ ವಿವೇಕಾನಂದರು ದೇಶವನ್ನು ನೋಡುತ್ತ ನೋಡುತ್ತಲೇ ನಮ್ಮ ಬೆಳಗಾವಿಗೆ ಬಂದು ತಂಗಿದ್ದರು. ದೇಶ ನೋಡುವ ಆಸೆ ಹೊಸದಲ್ಲ. ಆ ಆಸೆಗೆ ಲೆಕ್ಕಾಚಾರ ಜೊತೆಗೂಡಬೇಕು.

ಮೊದಲು ನನ್ನ ತಪ್ಪು

ಎರಡು ವರ್ಷದ ಕೆಳಗೆ ನಾನು ಹನ್ನೊಂದು ಮಂದಿ ರೈತರನ್ನು ಕರೆದುಕೊಂಡು ಉತ್ತರಕ್ಕೆ ಹೊರಟಿದ್ದೆ. ಕೃಷಿ ಡಿಪ್ಲೊಮಾ ಓದಿದವನು, ಮೊಬೈಲಿನಲ್ಲಿ ಟಿಕೆಟ್ ತೆಗೆಯಬಲ್ಲವನು ಎಂಬ ಧೈರ್ಯ ನನಗೆ. ಒಂದು ಜಂಕ್ಷನ್‌ನಲ್ಲಿ ಇಳಿದು ಮುಂದಿನ ಗಾಡಿ ಹತ್ತಲು ಕೇವಲ ಒಂದೂವರೆ ಗಂಟೆ ಬಿಟ್ಟಿದ್ದೆ. ನಮ್ಮ ಗಾಡಿ ಐದು ಗಂಟೆ ತಡವಾಯಿತು. ಮುಂದಿನ ಗಾಡಿ ಹೋಗಿಬಿಟ್ಟಿತ್ತು. ಆ ರಾತ್ರಿ ಹನ್ನೆರಡು ಜನ ಪ್ಲಾಟ್‌ಫಾರ್ಮಿನ ಮೇಲೆ ಚಳಿಯಲ್ಲಿ ಮಲಗಿದೆವು. ಮರುದಿನ ಜನರಲ್ ಡಬ್ಬಿಯಲ್ಲಿ ನಿಂತು ಹೋದೆವು. ನಾವು ನೋಡಬೇಕೆಂದಿದ್ದ ಸಂಶೋಧನಾ ಕೇಂದ್ರವನ್ನು ಮುಟ್ಟಿದಾಗ ಶನಿವಾರವಾಗಿತ್ತು. ಬಾಗಿಲು ಹಾಕಿತ್ತು.

ನಮ್ಮ ತಂಡದಲ್ಲಿ ಒಬ್ಬ ಅಕ್ಕನವರಿದ್ದರು. ಎರಡು ವರ್ಷ ಎಮ್ಮೆಯ ಹಾಲು ಮಾರಿ ಕೂಡಿಟ್ಟ ದುಡ್ಡಿನಲ್ಲಿ ಬಂದಿದ್ದರು. ಅವರು ಬೇಲಿಯ ಆಚೆಗಿನ ಮೇವಿನ ತಾಕನ್ನು ನಿಂತು ನೋಡಿದರು. ಏನೂ ಅನ್ನಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ತಪ್ಪು ರೈಲಿನದೂ ಅಲ್ಲ, ಆ ಸಂಸ್ಥೆಯದೂ ಅಲ್ಲ. ಗಾಡಿಗೆ ಗಾಡಿಯ ನಡುವೆ ಅಂತರ ಬಿಡದೆ, ವಾರ ನೋಡದೆ ಹೊರಟ ನನ್ನದು. ಆ ತಪ್ಪು ನಿಮ್ಮಿಂದ ಆಗಬಾರದೆಂದು ಈ ಪಾಠ ಬರೆಯುತ್ತಿದ್ದೇನೆ.

ಪಾಸ್ ಎಂಬುದು ಯಾವುದು?

'ಪಾಸ್' ಎಂಬ ಒಂದೇ ಮಾತಿಗೆ ಜನ ಹಲವು ಅರ್ಥ ಮಾಡುತ್ತಾರೆ. ಪ್ರತಿದಿನ ಖಾನಾಪುರದಿಂದ ಬೆಳಗಾವಿಗೆ ಓಡಾಡುವವರು ತೆಗೆಯುವುದು ತಿಂಗಳ ಪಾಸ್. ರೈಲ್ವೆ ನೌಕರರಿಗೆ ಸಿಗುವುದು ನೌಕರಿಯ ಪಾಸ್. ಇಂತಿಷ್ಟು ದಿನ ದೇಶದಲ್ಲಿ ಎಲ್ಲಿ ಬೇಕಾದರೂ ತಿರುಗುವ 'ಇಂಡ್‌ರೈಲ್ ಪಾಸ್' ಎಂಬುದೊಂದು ಇತ್ತು. ಅದು ವಿದೇಶೀಯರಿಗೆ ಮತ್ತು ಹೊರದೇಶದಲ್ಲಿ ನೆಲೆಸಿದ ಭಾರತೀಯರಿಗೆ ಮಾತ್ರ ಸಿಗುತ್ತಿತ್ತು. ೨೦೧೭ರಲ್ಲಿ ಅದೂ ನಿಂತುಹೋಯಿತು.

ಹಾಗಾದರೆ ನಮಗೆ ಏನಿದೆ? ನಮಗೆ 'ಸರ್ಕ್ಯುಲರ್ ಜರ್ನಿ ಟಿಕೆಟ್' ಇದೆ. ಕನ್ನಡದಲ್ಲಿ ಸುತ್ತು ಪ್ರಯಾಣದ ಟಿಕೆಟ್ ಎನ್ನೋಣ. ಹೊರಟ ಸ್ಟೇಶನ್ನಿಗೇ ಮರಳಿ ಬಂದು ಮುಗಿಯುವ ಒಂದು ದೊಡ್ಡ ಸುತ್ತಿಗೆ ಒಂದೇ ಟಿಕೆಟ್. ನಡುವೆ ಹೆಚ್ಚೆಂದರೆ ೮ ಕಡೆ ಇಳಿದು ತಂಗಬಹುದು. ದಾರಿಯನ್ನು ನೀವೇ ಗೊತ್ತುಮಾಡಿಕೊಳ್ಳಬಹುದು. ಆದರೆ ಒಮ್ಮೆ ಗೊತ್ತಾದ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿಯಕೂಡದು.

ಹಣ ಹೇಗೆ ಉಳಿಯುತ್ತದೆ?

ಗೊಬ್ಬರವನ್ನು ಕಿಲೋ ಲೆಕ್ಕದಲ್ಲಿ ಕೊಂಡರೆ ಒಂದು ದರ, ಚೀಲದ ಲೆಕ್ಕದಲ್ಲಿ ಕೊಂಡರೆ ಇನ್ನೊಂದು ದರ. ರೈಲಿನ ದರವೂ ಅದೇ ರೀತಿ. ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತ ಹೋಗುತ್ತದೆ. ಬೆಳಗಾವಿಯಿಂದ ಪುಣೆಗೆ ಒಂದು, ಪುಣೆಯಿಂದ ಭೋಪಾಲಕ್ಕೆ ಒಂದು, ಹೀಗೆ ಒಂಬತ್ತು ತುಂಡು ಟಿಕೆಟ್ ಕೊಂಡರೆ ಪ್ರತಿ ಸಲವೂ ಕಿಲೋ ಲೆಕ್ಕದ ದರ ಕೊಟ್ಟಂತೆ. ಸುತ್ತು ಟಿಕೆಟಿನಲ್ಲಿ ಒಟ್ಟು ದೂರವನ್ನು ಎರಡು ಸಮಪಾಲು ಮಾಡಿ, ಎರಡು ಉದ್ದ ಪ್ರಯಾಣಗಳ ದರವನ್ನು ಮಾತ್ರ ಹಿಡಿಯುತ್ತಾರೆ.

ಉದಾಹರಣೆಗೆ, ನಿಮ್ಮ ಸುತ್ತು ೫೨೦೦ ಕಿ.ಮೀ. ಎಂದು ಇಟ್ಟುಕೊಳ್ಳಿ. ಅದರ ಅರ್ಧ ೨೬೦೦. ೨೬೦೦ ಕಿ.ಮೀ.ಗೆ ಒಂದು ಟಿಕೆಟಿನ ದರ ಎಷ್ಟೋ ಅದರ ಎರಡರಷ್ಟು ನಿಮ್ಮ ಸುತ್ತಿನ ದರ. ಸ್ಥಳ ಕಾಯ್ದಿರಿಸುವ ಶುಲ್ಕ ಮತ್ತು ಸೂಪರ್‌ಫಾಸ್ಟ್ ಗಾಡಿಯ ಶುಲ್ಕ ಪ್ರತಿ ಹಂತಕ್ಕೂ ಬೇರೆಯಾಗಿ ಬೀಳುತ್ತವೆ. ಅದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳತಕ್ಕದ್ದು.

ಟಿಕೆಟಿನ ಅವಧಿಗೂ ಲೆಕ್ಕವಿದೆ. ಪ್ರಯಾಣದ ದಿನಗಳು ೪೦೦ ಕಿ.ಮೀ.ಗೆ ಒಂದರಂತೆ, ತಂಗುವ ದಿನಗಳು ೨೦೦ ಕಿ.ಮೀ.ಗೆ ಒಂದರಂತೆ. ೫೨೦೦ ಕಿ.ಮೀ.ಗೆ ೧೩ ದಿನ ಪ್ರಯಾಣ, ೨೬ ದಿನ ತಂಗುವಿಕೆ. ರೈತನಿಗೆ ಅಷ್ಟು ದಿನ ಮನೆ ಬಿಟ್ಟಿರಲು ಆಗದು. ಆದುದರಿಂದ ಅವಧಿಯ ಚಿಂತೆ ನಮಗಿಲ್ಲ.

ರಿಯಾಯಿತಿಯ ಬಗ್ಗೆ ಒಂದು ಎಚ್ಚರಿಕೆ. ಮೊದಲು ಕೃಷಿ ಪ್ರದರ್ಶನಕ್ಕೆ ಹೋಗುವ ರೈತರಿಗೆ ಶೇಕಡಾ ೨೫, ರಾಷ್ಟ್ರಮಟ್ಟದ ಸಂಸ್ಥೆಗಳಿಗೆ ಕಲಿಯಲು ಹೋಗುವ ರೈತರಿಗೆ ಹಾಗೂ ಹಾಲು ಉತ್ಪಾದಕರಿಗೆ ಶೇಕಡಾ ೫೦ ರಿಯಾಯಿತಿ ಇತ್ತು. ಹಿರಿಯ ನಾಗರಿಕರಿಗೂ ಇತ್ತು. ೨೦೨೦ರ ಮಾರ್ಚ್‌ನಲ್ಲಿ ಕೊರೋನಾ ಕಾಲಕ್ಕೆ ಇವನ್ನು ನಿಲ್ಲಿಸಿದರು. ಅಂಗವಿಕಲರು, ಕೆಲವು ರೋಗಿಗಳು ಮತ್ತು ವಿದ್ಯಾರ್ಥಿಗಳ ರಿಯಾಯಿತಿ ಮಾತ್ರ ಉಳಿಯಿತು. ಆದುದರಿಂದ ಯಾರೋ ಹೇಳಿದ ಹಳೆಯ ಮಾತನ್ನು ನಂಬಿ ಹಣದ ಲೆಕ್ಕ ಹಾಕಬೇಡಿ. ಟಿಕೆಟ್ ಮಾಡಿಸುವ ದಿನ ಕೌಂಟರಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಸುತ್ತನ್ನು ಹಾಕುವುದು ಹೇಗೆ?

ಕೋಟೆ ಕೆರೆಯ ದಂಡೆಯಲ್ಲಿ ನಾವು ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ಸುತ್ತು ಹಾಕಿದೆವು. ನಿಮಗೂ ಅದೇ ಉದಾಹರಣೆ ಕೊಡುತ್ತೇನೆ.

ಬೆಳಗಾವಿ ಲೋಂಡಾ–ಮೀರಜ್ ಮಾರ್ಗದ ಮೇಲಿದೆ. ಹೋಗುವಾಗ ಮೀರಜ್ ಕಡೆಯಿಂದ ಹೋಗಿ, ಬರುವಾಗ ಹುಬ್ಬಳ್ಳಿ, ಲೋಂಡಾ, ಖಾನಾಪುರದ ಕಡೆಯಿಂದ ಬಂದರೆ ಸುತ್ತು ಚೆನ್ನಾಗಿ ಕೂಡುತ್ತದೆ. ವಾಸ್ಕೋದಿಂದ ಬರುವ ಗೋವಾ ಎಕ್ಸ್‌ಪ್ರೆಸ್ ಬೆಳಗಾವಿ, ಪುಣೆ, ಮನ್ಮಾಡ್, ಭುಸಾವಳ, ಭೋಪಾಲ್, ಝಾನ್ಸಿ, ಆಗ್ರಾ ಮಾರ್ಗವಾಗಿ ದಿಲ್ಲಿಯ ಹಜರತ್ ನಿಜಾಮುದ್ದೀನ್ ಸ್ಟೇಶನ್ನಿಗೆ ಹೋಗುತ್ತದೆ. ಈ ಒಂದೇ ದಾರಿಯಲ್ಲಿ ರೈತ ನೋಡತಕ್ಕ ಸ್ಥಳಗಳು ಎಷ್ಟೋ ಇವೆ.

೧. ಪುಣೆ: ಹತ್ತಿರದ ಮಾಂಜರಿಯಲ್ಲಿ ವಸಂತದಾದಾ ಸಕ್ಕರೆ ಸಂಸ್ಥೆ. ಕಬ್ಬು ಬೆಳೆಯುವವರಿಗೆ.
೨. ಭೋಪಾಲ್: ೧೯೭೬ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆ. ಸಣ್ಣ ಹಿಡುವಳಿಗೆ ತಕ್ಕ ಯಂತ್ರ, ಸಲಕರಣೆಗಳು.
೩. ಝಾನ್ಸಿ: ೧೯೬೨ರಲ್ಲಿ ಸ್ಥಾಪನೆಯಾದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ. ದನ ಕಟ್ಟಿದವರಿಗೆ.
೪. ದಿಲ್ಲಿ: ಪೂಸಾದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ. ಮೊದಲು ಬಿಹಾರದ ಪೂಸಾದಲ್ಲಿತ್ತು. ೧೯೩೪ರ ಭೂಕಂಪದ ನಂತರ ೧೯೩೬ರಲ್ಲಿ ದಿಲ್ಲಿಗೆ ಬಂದಿತು. ಹೆಸರು ಮಾತ್ರ ಜೊತೆಗೆ ಬಂತು.
೫. ಲಖನೌ: ೧೯೫೨ರಲ್ಲಿ ಪ್ರಾರಂಭವಾದ ಭಾರತೀಯ ಕಬ್ಬು ಸಂಶೋಧನಾ ಸಂಸ್ಥೆ.
೬. ಕಾಶಿ: ಭಾರತೀಯ ತರಕಾರಿ ಸಂಶೋಧನಾ ಸಂಸ್ಥೆ. ವಿಶ್ವನಾಥನ ದರ್ಶನವೂ ಆಗುತ್ತದೆ.
೭. ನಾಗಪುರ: ಕಿತ್ತಳೆ, ನಿಂಬೆ ಜಾತಿಯ ಹಣ್ಣುಗಳ ಕೇಂದ್ರೀಯ ಸಂಸ್ಥೆ.
೮. ಹೈದರಾಬಾದ್: ರಾಜೇಂದ್ರನಗರದಲ್ಲಿ ಭತ್ತದ ಸಂಶೋಧನಾ ಸಂಸ್ಥೆ, ಹಾಗೂ ಜೋಳ ಮತ್ತು ಸಿರಿಧಾನ್ಯಗಳ ಸಂಸ್ಥೆ. ಖಾನಾಪುರದ ಭತ್ತದ ರೈತರು ಇದನ್ನು ಬಿಡಕೂಡದು.

ಅಲ್ಲಿಂದ ಹುಬ್ಬಳ್ಳಿಯ ಮೇಲೆ ಹಾಯ್ದು ಬೆಳಗಾವಿ. ಎಲ್ಲ ಸೇರಿ ಐದು ಸಾವಿರ ಕಿ.ಮೀ.ಗಿಂತ ತುಸು ಹೆಚ್ಚು. ನಿಖರವಾದ ದೂರವನ್ನು ರೈಲ್ವೆಯವರೇ ಎಣಿಸಿ ಹೇಳುತ್ತಾರೆ.

ಎಂಟು ಊರು ಎಣಿಸಿದ್ದೇ ತಡ, ನಮ್ಮ ಹಿರಿಯರು ಕಡ್ಡಿ ಕೆಳಗಿಟ್ಟರು. "ಅಲ್ಲೋ ತಮ್ಮಾ, ಕಾಶೀತನಕಾ ಹೋಗಿ ಪ್ರಯಾಗ ಬಿಟ್ಟು ಬಂದ್ರ ಮನ್ಯಾಗ ಏನಂತಾರ? ಆ ಝಾನ್ಸಿ ತಗದು ಹಾಕು." ಕೂಡಲೇ ಎಮ್ಮೆಯ ಅಕ್ಕನವರು, "ಹಂಗ್ಯಾಕ ಕಾಕಾ? ನಾ ಹೊಂಟಿದ್ದ ಮೇವು ನೋಡಾಕ" ಎಂದರು. ಇಬ್ಬರ ಮಾತೂ ನ್ಯಾಯವೇ.

ಇಲ್ಲಿ ಒಂದು ಯುಕ್ತಿ ಕಲಿಯಿರಿ. ಮುಖ್ಯ ಸುತ್ತಿನ ಮೇಲೆ ದೊಡ್ಡ ನಿಲುಗಡೆಗಳನ್ನು ಮಾತ್ರ ಇಡಬೇಕು. ಹತ್ತಿರದ ಅಡ್ಡದಾರಿಯ ಊರುಗಳಿಗೆ ಬೇರೆ ಸಣ್ಣ ಟಿಕೆಟ್ ತೆಗೆಯಬೇಕು. ಕಾಶಿಯಲ್ಲಿ ಗಂಟು ಇಟ್ಟು, ಬೆಳಿಗ್ಗೆ ಬೇರೆ ಟಿಕೆಟಿನಲ್ಲಿ ಪ್ರಯಾಗಕ್ಕೆ ಹೋಗಿ, ಸಂಗಮದಲ್ಲಿ ಮಿಂದು ರಾತ್ರಿ ಮರಳಬಹುದು. ದಿಲ್ಲಿಯಿಂದ ಕರ್ನಾಲದ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಗೂ ಇದೇ ರೀತಿ ಒಂದು ದಿನದಲ್ಲಿ ಹೋಗಿಬರಬಹುದು. ಹೀಗೆ ಝಾನ್ಸಿಯೂ ಉಳಿಯಿತು, ಪ್ರಯಾಗವೂ ಸಿಕ್ಕಿತು.

ಯಾವ ಕಾಲದಲ್ಲಿ ಹೊರಡಬೇಕು?

ಡಿಸೆಂಬರ್, ಜನವರಿಯಲ್ಲಿ ಉತ್ತರದಲ್ಲಿ ದಟ್ಟ ಮಂಜು ಕವಿದು ಗಾಡಿಗಳು ಗಂಟೆಗಟ್ಟಲೆ ತಡವಾಗುತ್ತವೆ. ಏಪ್ರಿಲ್ ನಂತರ ಬಿಸಿಲು ತಾಳಲಾಗದು. ನಮಗೆ ಒಳ್ಳೆಯ ಕಾಲ ಫೆಬ್ರವರಿಯ ನಡುವಿನಿಂದ ಮಾರ್ಚ್‌ವರೆಗೆ. ಖಾನಾಪುರದ ಭತ್ತ ಮನೆ ಸೇರಿರುತ್ತದೆ. ಉತ್ತರದಲ್ಲಿ ಗೋಧಿ, ಸಾಸಿವೆಗಳು ಹೊಲದಲ್ಲಿ ನಿಂತಿರುತ್ತವೆ. ಪೂಸಾದ ಕೃಷಿ ವಿಜ್ಞಾನ ಮೇಳವೂ ಸಾಮಾನ್ಯವಾಗಿ ಆ ಹೊತ್ತಿಗೇ ನಡೆಯುತ್ತದೆ. ಕಬ್ಬಿನ ಕಟಾವಿನ ಸರದಿ ಬರುವವರು ಮಾತ್ರ ಕಾರ್ಖಾನೆಯಲ್ಲಿ ವಿಚಾರಿಸಿ ದಿನ ಗೊತ್ತುಮಾಡಿಕೊಳ್ಳಬೇಕು. ಹೋಳಿ ಹಬ್ಬದ ಹಿಂದು ಮುಂದಿನ ದಿನಗಳನ್ನು ತಪ್ಪಿಸಿ. ಉತ್ತರದ ಗಾಡಿಗಳಲ್ಲಿ ಆಗ ಕಾಲಿಡಲು ಜಾಗ ಇರುವುದಿಲ್ಲ.

ದಿನಗಳ ಹಂಚಿಕೆ ಹೀಗಿರಲಿ: ಪುಣೆ, ಭೋಪಾಲ್, ಝಾನ್ಸಿ, ಲಖನೌ, ನಾಗಪುರಗಳಿಗೆ ಒಂದೊಂದು ದಿನ, ದಿಲ್ಲಿಗೆ ಕರ್ನಾಲ ಸೇರಿ ಮೂರು ದಿನ, ಕಾಶಿಗೆ ಪ್ರಯಾಗ ಸೇರಿ ಎರಡು ದಿನ, ಹೈದರಾಬಾದಿಗೆ ಎರಡು ದಿನ. ನೋಡುವುದಕ್ಕೆ ೧೨ ದಿನವಾಯಿತು. ಗಾಡಿಯಲ್ಲಿ ಕಳೆಯುವುದಕ್ಕೆ ೮ ದಿನ ಹಿಡಿಯಿರಿ. ಏನೂ ಬರೆಯದ ೨ ದಿನ ಕೈಯಲ್ಲಿರಲಿ. ಒಟ್ಟು ೨೨. ಆ ಎರಡು ಖಾಲಿ ದಿನಗಳು ವ್ಯರ್ಥವೆಂದು ತಿಳಿಯಬೇಡಿ. ಬಾವಿಗೆ ಹಗ್ಗ ಬಿಡುವಾಗ ನಾಲ್ಕು ಮೊಳ ಹೆಚ್ಚಿಗೆ ಇಟ್ಟುಕೊಳ್ಳುವುದಿಲ್ಲವೇ?

ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಗಳಿಗೆ ಶನಿವಾರ, ರವಿವಾರ ಎರಡೂ ರಜೆ. ಆದುದರಿಂದ ಮೊದಲು ಸಂಸ್ಥೆಗಳ ದಿನಗಳನ್ನು ಸೋಮವಾರದಿಂದ ಶುಕ್ರವಾರದ ಒಳಗೆ ಕೂಡಿಸಿ. ಶನಿವಾರ, ರವಿವಾರಗಳನ್ನು ದೇವರ ದರ್ಶನಕ್ಕೂ ದೂರದ ಪ್ರಯಾಣಕ್ಕೂ ಬಿಡಿ. ನಾನು ಇದನ್ನು ತಿರುವುಮುರುವು ಮಾಡಿದ್ದೆ.

ಟಿಕೆಟ್ ಮಾಡಿಸುವ ಹಂತಗಳು

ಮೊದಲನೆಯದು: ಹೊರಡುವ ಮೂರು ತಿಂಗಳ ಮುಂಚೆ ಊರುಗಳ ಪಟ್ಟಿಯನ್ನು ದಾರಿಯ ಕ್ರಮದಲ್ಲಿ ಬರೆದು ಬೆಳಗಾವಿ ಸ್ಟೇಶನ್ನಿನಲ್ಲಿ ವಿಚಾರಿಸಿ. ನಿಮ್ಮದೇ ದಾರಿಯ ಸುತ್ತು ಟಿಕೆಟಿಗೆ ವಿಭಾಗದ ವಾಣಿಜ್ಯ ಅಧಿಕಾರಿಗಳು ದೂರ ಮತ್ತು ದರ ಎಣಿಸಿ ಪತ್ರ ಕೊಡಬೇಕು. ನಮ್ಮ ವಿಭಾಗದ ಕಚೇರಿ ಹುಬ್ಬಳ್ಳಿಯಲ್ಲಿದೆ. ಈ ಕೆಲಸ ಮೊಬೈಲಿನಲ್ಲಿ ಆಗದು. ಅರ್ಜಿ ಕೊಟ್ಟು ಕಾಯಬೇಕು.

ಎರಡನೆಯದು: ಆ ಪತ್ರ ತೋರಿಸಿ ಬುಕಿಂಗ್ ಕೌಂಟರಿನಲ್ಲಿ ಸುತ್ತು ಟಿಕೆಟ್ ಕೊಳ್ಳಿ. ಅದು ಪ್ರಯಾಣದ ಹಕ್ಕು ಮಾತ್ರ, ಮಲಗುವ ಜಾಗವಲ್ಲ.

ಮೂರನೆಯದು: ರಿಜರ್ವೇಶನ್ ಕೌಂಟರಿಗೆ ಹೋಗಿ ಪ್ರತಿ ಹಂತಕ್ಕೂ ಗಾಡಿ, ತಾರೀಖು ಹೇಳಿ ಬರ್ತ್ ಕಾಯ್ದಿರಿಸಿ. ೨೦೨೪ರ ನವೆಂಬರ್ ೧ರಿಂದ ಮುಂಗಡ ಕಾಯ್ದಿರಿಸುವಿಕೆ ೬೦ ದಿನಗಳಿಗೆ ಇಳಿದಿದೆ. ಹಿಂದೆ ೧೨೦ ದಿನವಿತ್ತು. ಅರವತ್ತನೆಯ ದಿನ ಬೆಳಿಗ್ಗೆಯೇ ಹೋಗತಕ್ಕದ್ದು. ಒಂದು ಫಾರ್ಮಿನಲ್ಲಿ ಆರು ಜನರ ಹೆಸರು ಮಾತ್ರ ಹಿಡಿಯುತ್ತದೆ. ಹನ್ನೆರಡು ಜನರಿದ್ದರೆ ಎರಡು ಫಾರ್ಮು. ಮುದುಕರಿಗೆ, ಹೆಣ್ಣುಮಕ್ಕಳಿಗೆ ಕೆಳಗಿನ ಬರ್ತ್ ಬೇಕೆಂದು ಫಾರ್ಮಿನಲ್ಲೇ ಬರೆಯಿರಿ. ಹೆಸರು, ವಯಸ್ಸು ಆಧಾರ್ ಕಾರ್ಡಿನಲ್ಲಿ ಇದ್ದ ಹಾಗೆಯೇ ಇರಲಿ.

ನಾಲ್ಕನೆಯದು: ರಾಜಧಾನಿ, ಶತಾಬ್ದಿಯಂಥ ಗಾಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸಾಮಾನ್ಯ ಮೇಲ್, ಎಕ್ಸ್‌ಪ್ರೆಸ್ ಗಾಡಿಗಳೇ ನಮ್ಮ ಸುತ್ತಿಗೆ ಸರಿ. ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ಸ್ಲೀಪರ್ ಡಬ್ಬಿ ಹತ್ತಕೂಡದು, ದಂಡ ಬೀಳುತ್ತದೆ.

ಐದನೆಯದು: ಸಂಸ್ಥೆಗಳಿಗೆ ಪತ್ರ ಬರೆಯಿರಿ. ನಿಮ್ಮ ರೈತ ಸಂಪರ್ಕ ಕೇಂದ್ರ ಅಥವಾ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದ ಮೂಲಕ ಬರೆಸಿದರೆ ಒಳ್ಳೆಯದು. ಎಷ್ಟು ಜನ, ಯಾವ ಬೆಳೆಯವರು, ಯಾವ ದಿನ ಎಂಬುದನ್ನು ತಿಳಿಸಿ. ಕೃಷಿ ಇಲಾಖೆಯ 'ಆತ್ಮ' ಯೋಜನೆಯಲ್ಲಿ ರೈತರ ಅಧ್ಯಯನ ಪ್ರವಾಸಕ್ಕೆ ನೆರವಿದೆ, ಅದನ್ನೂ ಕೇಳಿನೋಡಿ.

ದಾರಿಯಲ್ಲಿ ಎಚ್ಚರ

ಒಂದೇ ಊರಿಗೆ ಹಲವು ಸ್ಟೇಶನ್ನುಗಳಿರುತ್ತವೆ. ದಿಲ್ಲಿಯಲ್ಲಿ ನಿಜಾಮುದ್ದೀನ್‌ನಲ್ಲಿ ಇಳಿದವನು ಲಖನೌ ಗಾಡಿಯನ್ನು ಹೊಸ ದಿಲ್ಲಿಯಲ್ಲೋ, ಹಳೆ ದಿಲ್ಲಿಯಲ್ಲೋ, ಆನಂದ ವಿಹಾರದಲ್ಲೋ ಹತ್ತಬೇಕಾದೀತು. ಹೆಸರುಗಳೂ ಬದಲಾಗಿವೆ. ಮೊಘಲ್‌ಸರಾಯಿಗೆ ೨೦೧೮ರಿಂದ ದೀನದಯಾಳ್ ಉಪಾಧ್ಯಾಯ ಜಂಕ್ಷನ್ ಎಂದು ಹೆಸರು. ಝಾನ್ಸಿ ಸ್ಟೇಶನ್ನಿಗೆ ಈಗ ವೀರಾಂಗನಾ ಲಕ್ಷ್ಮೀಬಾಯಿ ಝಾನ್ಸಿ ಎಂದಿದೆ. ಕಾಶಿಯಲ್ಲಿ 'ವಾರಾಣಸಿ' ಬೇರೆ, 'ಬನಾರಸ್' ಬೇರೆ. ಟಿಕೆಟಿನ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಓದಿಸಿಕೊಳ್ಳಿ.

ಒಂದು ಗಾಡಿ ಇಳಿದು ಇನ್ನೊಂದು ಹತ್ತುವಲ್ಲಿ ಆರು ಗಂಟೆಗೆ ಕಡಿಮೆ ಅಂತರ ಬಿಡಬೇಡಿ. ಗಾಡಿ ಎಲ್ಲಿದೆ ಎಂಬುದನ್ನು ೧೩೯ಕ್ಕೆ ಫೋನ್ ಮಾಡಿ ಕೇಳಬಹುದು. ಸ್ಲೀಪರಿನಲ್ಲಿ ಒಬ್ಬರಿಗೆ ೪೦ ಕಿಲೋ ಸಾಮಾನು ಉಚಿತ. ಆದರೆ ನೀವೇ ಎತ್ತಿಕೊಂಡು ಮೇಲ್ಸೇತುವೆ ಹತ್ತುವಷ್ಟು ಮಾತ್ರ ಒಯ್ಯಿರಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ ಮೂರಿದ್ದರೆ ನಾಲ್ಕು ದಿನ ಚಿಂತೆಯಿಲ್ಲ. ಸಕ್ಕರೆ ರೋಗ, ರಕ್ತದೊತ್ತಡದ ಮಾತ್ರೆಗಳನ್ನು ದೊಡ್ಡ ಗಂಟಿನಲ್ಲಿ ಇಡದೆ ಅಂಗಿಯ ಕಿಸೆಯಲ್ಲೋ ಸೀರೆಯ ಸೆರಗಿನ ಗಂಟಿನಲ್ಲೋ ಇಡಿ. ಹಣವನ್ನು ಒಬ್ಬರ ಕೈಯಲ್ಲಿ ಕೊಡದೆ ಮೂವರಲ್ಲಿ ಹಂಚಿ. ಒಟ್ಟು ಹಣದ ಐದರಲ್ಲಿ ಒಂದು ಪಾಲನ್ನು ಆಪತ್ತಿಗೆಂದು ಮುಟ್ಟದೆ ಇಡಿ.

ಮನೆಯ ಏರ್ಪಾಡನ್ನೂ ಮರೆಯಬಾರದು. ೨೨ ದಿನ ಎಮ್ಮೆ ಹಿಂಡುವವರು ಯಾರು, ತೋಟಕ್ಕೆ ನೀರು ಬಿಡುವವರು ಯಾರು ಎಂಬುದು ಗೊತ್ತಾಗದೆ ಟಿಕೆಟಿಗೆ ಹಣ ಕಟ್ಟಬೇಡಿ. ಮನಸ್ಸು ಕೊಟ್ಟಿಗೆಯಲ್ಲಿದ್ದರೆ ಕಣ್ಣು ದಿಲ್ಲಿಯಲ್ಲಿದ್ದೂ ಏನನ್ನೂ ಕಾಣದು.

ಬಂದ ಮೇಲೆ

ಪ್ರತಿಯೊಬ್ಬರೂ ದಿನಕ್ಕೆ ಒಂದೇ ಒಂದು ಸಂಗತಿಯನ್ನು ಬರೆದಿಡಿ ಅಥವಾ ಬರೆಸಿಡಿ: 'ನಮ್ಮ ಹೊಲದಲ್ಲಿ ಮಾಡಿ ನೋಡಬಹುದಾದದ್ದು.' ಹನ್ನೆರಡು ದಿನಕ್ಕೆ ಹನ್ನೆರಡು ಸಂಗತಿ. ಅದರಲ್ಲಿ ಒಂದನ್ನು ಒಂದು ಗುಂಟೆಯಲ್ಲಿ ಪ್ರಯೋಗ ಮಾಡಿದರೂ ಟಿಕೆಟಿನ ಹಣ ಸಾರ್ಥಕ.

ಗ್ರಾಮ ಸಭೆಯಲ್ಲಿ ಓದಿ ಉತ್ತರಿಸಿರಿ

೧. ೪೮೦೦ ಕಿ.ಮೀ. ಸುತ್ತಿಗೆ ಯಾವ ದೂರದ ದರವನ್ನು ಎರಡರಷ್ಟು ಮಾಡಬೇಕು? ಪ್ರಯಾಣದ ದಿನಗಳೆಷ್ಟು, ತಂಗುವ ದಿನಗಳೆಷ್ಟು?
೨. ಒಂಬತ್ತು ಊರು ನೋಡುವ ಆಸೆಯಿದ್ದು ಎಂಟೇ ನಿಲುಗಡೆ ಇದ್ದರೆ ಏನು ಮಾಡಬೇಕು?
೩. ನಿಮ್ಮ ಊರಿನ ಬೆಳೆಗೆ ತಕ್ಕ ಮೂರು ಸ್ಥಳಗಳನ್ನು ಆರಿಸಿ ಒಂದು ಸಣ್ಣ ಸುತ್ತು ಹಾಕಿರಿ.

ಕೆರೆಯ ದಂಡೆಯಿಂದ ಏಳುವಾಗ ಎಮ್ಮೆಯ ಅಕ್ಕನವರು ನನ್ನನ್ನು ಬದಿಗೆ ಕರೆದರು. "ತಮ್ಮಾ, ಈ ಸಲಾನೂ ನನ್ನ ಹೆಸರು ಬರಕೋ. ರೊಕ್ಕಾ ಮತ್ತ ಕೂಡೇತಿ. ಆದ್ರ ವಾರ ನೋಡಿ ಹೊರಡಸು" ಎಂದರು. ಪಟ್ಟಿಯಲ್ಲಿ ಅವರ ಹೆಸರನ್ನು ಮೊದಲು ಬರೆದಿದ್ದೇನೆ. ಝಾನ್ಸಿಗೆ ಬುಧವಾರ ಮುಟ್ಟುವಂತೆ ಲೆಕ್ಕ ಹಾಕಿದ್ದೇನೆ.

— ನಿಮ್ಮ ಗ್ರಾಮಸೇವಕ